ಕೊತ್ತಂಬರಿ ಹೆಚ್ಚಲಿಕ್ಕೆ ಉಂಟಾ?

“ನಿಮ್ಮ ಹುಳಿ ಮಾಡಿ ಬಡಿಸಿದೆ. ಅತ್ತೆ ಬರೀ ಮೊಸರನ್ನ ತಿಂದು ಎದ್ದರು.”

ನನ್ನ ಸೊಸೆ ಶುಭಾಳ ಅಡುಗೆ ವೆಬ್‌ಸೈಟಿಗೆ ಹೊರಗಿನವರಿಂದ ಬಂದ ಮೊದಲ ಕಾಮೆಂಟ್ ಇದು. ಅದುವರೆಗೆ ‘ಸೂಪರ್’, ‘ನೈಸ್’ ಎಂದು ಬರೆದವರು ಯಾರು? ಅವಳ ತಂಗಿ, ನನ್ನ ಮಗ, ಮತ್ತೆ ಅದೇ ತಂಗಿ. (ಮಗ ತಿನ್ನದೆಯೇ ಬರೆದದ್ದು, ಆ ಮಾತು ಬಿಡಿ.)

ದೂರಿದವಳು ಬದಲಾಪುರದ ರೇಖಾ. ನಮ್ಮ ಹಾಗೇ ಮರಾಠಿ ಸೀಮೆಯಲ್ಲಿರುವವಳು, ಹೊಸತಾಗಿ ಮದುವೆಯಾದವಳು. ಅತ್ತೆ ಊರಿನಿಂದ ಮೊದಲ ಸಲ ಬಂದಿದ್ದಾರೆಂದು ನಮ್ಮ ಸೌತೆಕಾಯಿ ಹುಳಿ ನೋಡಿ ಮಾಡಿದ್ದಾಳೆ. ಅದು ಗಟಾರದ ಬಣ್ಣಕ್ಕೆ ತಿರುಗಿದೆ. ಫೋಟೊ ಬೇರೆ ಹಾಕಿದ್ದಳು. ನೋಡಿದೆ, ಸುಳ್ಳಲ್ಲ.

ಶುಭಾಳ ಮುಖ ಬಿತ್ತು. “ಡಿಲೀಟ್ ಮಾಡ್ತೇನೆ ಅತ್ತೆ. ಸೈಟೇ ಬಂದ್ ಮಾಡ್ತೇನೆ. ಬಸ್ ಝಾಲಂ, ಸಾಕಾಯ್ತು.”

ಮಗು ಶಾಲೆಗೆ ಹೋದ ಮೇಲೆ ಸಿಗುವ ಹೊತ್ತಿನಲ್ಲಿ ಕಟ್ಟಿದ ಸೈಟು. ನಾನು ಹೇಳುವುದು, ಅವಳು ಟೈಪ್ ಮಾಡುವುದು. ನೋಡುವವರು ಆಗಷ್ಟೇ ಹೆಚ್ಚುತ್ತಿದ್ದರು. ಒಂದು ಪಾತ್ರೆ ಹುಳಿ ಕೆಟ್ಟಿತೆಂದು ಒಲೆಯನ್ನೇ ಕಿತ್ತು ಬಿಸಾಡುವುದಾ?

“ಮೊದಲು ನೀನು ಬರೆದದ್ದು ಓದು” ಅಂದೆ.

ಓದಿದಳು. “ಒಂದು ಮುಷ್ಟಿ ಕೊತ್ತಂಬರಿ ಹೆಚ್ಚಿ, ಪರಿಮಳ ಬರುವವರೆಗೆ ಹುರಿಯಿರಿ.”

“ಕೊತ್ತಂಬರಿ ಹೆಚ್ಚಲಿಕ್ಕೆ ಉಂಟಾ ಮಾರಾಯ್ತಿ?”

“ಮತ್ತೆ? ಕೋಥಿಂಬೀರ್ ಹೆಚ್ಚದೆ ಇಡೀ ಹಾಕ್ತಾರಾ?”

ಆಗ ಗೊತ್ತಾಯಿತು, ‘ಹೆಚ್ಚಿ’ ಅಂತ ಸೇರಿಸಿದ್ದು ಅವಳೇ. ನಮ್ಮ ಉಡುಪಿ ಕಡೆ ಬರೀ ಕೊತ್ತಂಬರಿ ಅಂದರೆ ಬೀಜ. ಸೊಪ್ಪು ಬೇಕಾದರೆ ಸೊಪ್ಪು ಅಂತ ಬಾಯಿಬಿಟ್ಟು ಹೇಳಬೇಕು. ಕಲ್ಯಾಣದಲ್ಲಿ ಹುಟ್ಟಿದ ಶುಭಾಳಿಗೆ ಅದು ಮರಾಠಿಯ ಕೋಥಿಂಬೀರ್, ತರಕಾರಿ ಮಾರುವ ಭಾಜಿವಾಲಾ ಚೀಲಕ್ಕೆ ತುರುಕುವ ಸೊಪ್ಪು. ಹಾಗಾದರೆ ಇಷ್ಟು ವರ್ಷ ಅವಳು ಹುಳಿ ಮಾಡಿಲ್ಲವಾ? ಮಾಡಿದ್ದಾಳೆ, ನಾನು ಡಬ್ಬಿಯಲ್ಲಿ ತುಂಬಿಟ್ಟ ಪುಡಿ ಹಾಕಿ! (ಸೈಟಿನ ಫೋಟೊದಲ್ಲಿದ್ದ ಚಂದದ ಹುಳಿಯೂ ನನ್ನದೇ.)

“ಅಳಿಸಬೇಡ” ಅಂದೆ. “ಅಳಿಸಿದರೆ ನಾಳೆ ಇನ್ನೊಬ್ಬಳು ಸೊಪ್ಪು ಹುರಿಯುತ್ತಾಳೆ. ತಪ್ಪಾಯಿತು ಅಂತ ಬರೆ. ನಿಮ್ಮಲ್ಲಿ ಈ ಬೀಜಕ್ಕೆ ಏನು ಹೇಳ್ತೀರಿ ಅಂತಲೂ ಕೇಳು.”

ಕೇಳಿದ್ದೇ ತಡ! ಇಲ್ಲೇ ಘಣಸೋಲಿಯಲ್ಲಿರುವ ವಿಜಯಪುರದ ಹೆಂಗಸೊಬ್ಬಳು ಬರೆದಳು: “ಹವೀಜ ಅಂತೀವ್ರಿ. ಸೊಪ್ಪು ಸುಟ್ಟು ತಿನ್ನೋ ಮಂದೀನ ಇವತ್ತಽ ನೋಡಿದೆ ನೋಡ್ರಿ!” ಬೆಂಗಳೂರಿನವಳು ಬಿಡುತ್ತಾಳಾ? “ಧನಿಯ ಅನ್ನೋಕೆ ಏನ್ ಕಷ್ಟ?” ನಮ್ಮ ಕಡೆಯವರು ಸೆರಗು ಕಟ್ಟಿ ಇಳಿದರು. ಜಗಳ ನೋಡಲು ಬಂದವರು ನೀರುದೋಸೆ, ಪತ್ರೊಡೆ ನೋಡಿಕೊಂಡು ಹೋದರು. ಹೋದವರು ನಾದಿನಿಯನ್ನೂ ಪಕ್ಕದ ಮನೆಯವಳನ್ನೂ ಕರೆತಂದರು. ಸೈಟು ಬೆಳೆದದ್ದು ಹೀಗೆ. ಈಗ ಶುಭಾ ಪ್ರತಿ ಸಾಮಾನಿಗೂ ಮೂರೂ ಕಡೆಯ ಹೆಸರು ಹಾಕುತ್ತಾಳೆ. ಹಾಕುವ ಮೊದಲು ನನ್ನ ಮುಂದೆ ನಿಂತು ತಾನೇ ಮಾಡುತ್ತಾಳೆ. ಡಬ್ಬಿಯ ಪುಡಿ ಬಂದ್.

ಮೊನ್ನೆ ರೇಖಾ ಮತ್ತೆ ಬರೆದಳು. ಬೀಜ ಹಾಕಿ ಹುಳಿ ಮಾಡಿದಳಂತೆ. ಅತ್ತೆ ಕೇಳಿ ಹಾಕಿಸಿಕೊಂಡು ಉಂಡರಂತೆ. “ಆದರೆ ಉಪ್ಪು ಕಡಿಮೆ, ಬೆಲ್ಲ ಜಾಸ್ತಿ, ಹೋಳು ದೊಡ್ಡದಾಯಿತು ಅಂದರು.”

ಶುಭಾ ಪುನಃ ಮುಖ ಸಣ್ಣ ಮಾಡಿದಳು.

“ಹುಚ್ಚಿ, ಅಷ್ಟು ತಪ್ಪು ಹುಡುಕಬೇಕಾದರೆ ಆ ಅತ್ತೆ ಎಷ್ಟು ಉಂಡಿರಬೇಕು?”