ಹುರಿಯದ ಕರಿಜೀರಿಗೆ

ಅವರ ಬಲಗೈ ಹೆಬ್ಬೆರಳಿನ ಉಗುರಂಚು ಸದಾ ಕಂದು ಬಣ್ಣಕ್ಕಿರುತ್ತಿತ್ತು. ಅದರಡಿ ಒಂದು ಕಾಳಿಟ್ಟು, ತೋರುಬೆರಳಿಗೆ ಒತ್ತಿ, ಚಿಟ್ಟೆಂದು ಒಡೆದು, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದರು. ನಾಟಿ ಮದ್ದಿನ ಅಂಗಡಿಯವನು ತಕ್ಕಡಿ ಹಿಡಿದುಕೊಂಡೇ ಕಾಯಬೇಕು. ಚೀಲ ಹಿಡಿದ ನಾನೂ ಕಾಯಬೇಕು. ಆಮೇಲೆ ತೀರ್ಪು: "ಹಳೇದು. ಬ್ಯಾಡ."

ಚೆನ್ನೈನ ಕೀಲ್ಪಾಕಿನಲ್ಲಿ ನಮ್ಮ ಕೆಳಗಿನ ಮನೆಯ ಮೇಡಂ ಅವರು. ಧಾರವಾಡದವರು, ಔಷಧಶಾಸ್ತ್ರ ಕಲಿಸಿ ನಿವೃತ್ತರಾದವರು. ಪ್ರಯೋಗಾಲಯದಲ್ಲಿ ಬಹುಪಾಲು ವರ್ಷಗಳನ್ನು ಕರಿಜೀರಿಗೆಯ ಬೆನ್ನು ಹತ್ತಿಯೇ ಕಳೆದಿದ್ದರು. ಈರುಳ್ಳಿ ಬೀಜದಂತೆ ಕಾಣುವ, ಇಲ್ಲಿಯವರು ಕರುಂಜೀರಗಂ ಎನ್ನುವ ಆ ಕಪ್ಪು ಕಾಳಿನ ಎಣ್ಣೆಯಲ್ಲಿ ಏನಿದೆ, ಅದು ಇಲಿಯ ರಕ್ತದ ಸಕ್ಕರೆಯನ್ನು ಏನು ಮಾಡುತ್ತದೆ ಎಂಬುದೇ ಅವರ ಧ್ಯಾನ. ಅಷ್ಟು ಗೊತ್ತಿದ್ದೂ, ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ನೇರ ಉತ್ತರ ಕೊಡುತ್ತಿರಲಿಲ್ಲ. "ಎಷ್ಟು? ಯಾರಿಗೆ? ಎಷ್ಟು ದಿನ?" ಎಂದು ತಿರುಗಿ ನಮ್ಮನ್ನೇ ಕೇಳುತ್ತಿದ್ದರು.

ನನಗಿದು ಜಾರಿಕೊಳ್ಳುವ ಉಪಾಯವಾಗಿ ಕಾಣುತ್ತಿತ್ತು. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಅಲ್ಲಿ ಪರ ಉಂಟು, ವಿರೋಧ ಉಂಟು, ನಡುವೆ ಕೂರಲು ಕುರ್ಚಿಯೇ ಇಲ್ಲ. ಮೇಡಂ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. "ಬಾ ವಕೀಲವ್ವಾ" ಎನ್ನುತ್ತಿದ್ದರು.

ಆ ಮೇ ತಿಂಗಳಲ್ಲಿ ಅಪ್ಪಯ್ಯ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರು. ಅವರು ಕುಂದಾಪುರದ ಕಡೆಯವರು. ಸಸ್ಯಾಹಾರಿ ಹೋಟೆಲೊಂದರ ಅಡುಗೆಮನೆಯ ಉಸ್ತುವಾರಿ. ವಾಟ್ಸಾಪಿನಲ್ಲಿ ಬಂದ ವಿಡಿಯೊ ನಂಬಿ, ದಿನಾ ಬೆಳಿಗ್ಗೆ ಒಂದು ಚಮಚ ಕರಿಜೀರಿಗೆ ಪುಡಿ ನುಂಗತೊಡಗಿದರು.

"ಅಪ್ಪಯ್ಯಾ, ಚುಮ್ಮಾ ಯಾರೋ ಹೇಳಿದ್ರು ಅಂತ ನಂಬೋದಾ? ಪ್ರೂಫ್ ಎಲ್ಲಿ?"

"ಮಾತ್ರೆ ಕಂಪನಿಯವ್ರ್ ಎಂತ, ಹರಿಶ್ಚಂದ್ರನ ಮಕ್ಕಳಾ?"

ಮೂರು ವಾರ ಇದೇ ನಡೆಯಿತು. ಪ್ರತಿ ಸಲವೂ ನಾನೇ ಗೆದ್ದೆ. ಪ್ರತಿ ಸಲವೂ ಅವರು ಎದ್ದು ಹೋಗಿ ಇನ್ನೊಂದು ಚಮಚ ನುಂಗಿದರು. ಕೊನೆಗೆ, ಇಷ್ಟು ವರ್ಷ ಓದಿದವರೇ ಈ ಕಾಳು ಬರೀ ಬೊಗಳೆ ಎಂದುಬಿಟ್ಟರೆ ಮಾತು ಮುಗಿಯಿತಲ್ಲ ಎಂದು ಕೆಳಗಿಳಿದು ಮೇಡಂ ಬಳಿ ಹೋದೆ.

"ನಿಮ್ಮಪ್ಪ ಎಷ್ಟು ತಗೋತಾರ?"

"ಒಂದು ಚಮಚ."

"ಪುಡಿ ಹ್ಯಾಂಗ ಮಾಡ್ತಾರ? ಬಿಟ್ಟದ್ದು ಯಾವ ಮಾತ್ರಿ? ಆಮ್ಯಾಲೆ ಸಕ್ಕರಿ ನೋಡ್ಯಾರೇನು?"

ನನಗೆ ಗೊತ್ತಿರಲಿಲ್ಲ.

"ಹಂಗಾರ ನೀ ಯಾವುದರ ವಿರುದ್ಧ ವಾದ ಮಾಡ್ಲಿಕ್ಕತ್ತೀ ವಕೀಲವ್ವಾ?" ಎಂದವರೇ ಚಪ್ಪಲಿ ಮೆಟ್ಟಿ ನನಗಿಂತ ಮೊದಲು ಮೆಟ್ಟಿಲು ಹತ್ತಿದರು.

ಅಪ್ಪಯ್ಯ ಹೆಮ್ಮೆಯಿಂದಲೇ ಡಬ್ಬಿ ತಂದಿಟ್ಟರು. ಮೇಡಂ ಒಂದು ಚಿಟಿಕೆ ತೆಗೆದು ಮೂಸಿದರು. ಮತ್ತೆ ಮೂಸಿದರು. ಆಮೇಲೆ ನಗತೊಡಗಿದರು.

"ಹುರಿದೀರೇನ್ರಿ ಇದನ್ನ?"

"ಮತ್ತೆ? ಹುರೀದೆ ಪುಡಿ ಮಾಡುದ್ ಹ್ಯಾಂಗೆ? ನಲ್ವತ್ತ್ ವರ್ಷ ಒಲಿ ಮುಂದೆ ನಿಂತವ ನಾನ್. ಇಡೀ ಬೀದಿಗೇ ಪರಿಮಳ ಬಂದಿತ್ತ್."

"ಬಂದಿರತೈತ್ರಿ. ಇದರ ಸತ್ವ ಅನ್ನೂದು ಬಹಳಷ್ಟು ಆ ವಾಸನಿಯೊಳಗ ಇರತೈತಿ. ಅದನ್ನ ಬೀದಿಯವರಿಗೆ ಕೊಟ್ಟು, ಉಳದ ಹೊಟ್ಟು ನೀವು ತಿಂದೀರಿ."

ಅಪ್ಪಯ್ಯನ ಮುಖ ಕೆಂಪಾಯಿತು. ಇನ್ನೇನು ಬಾಗಿಲು ತೋರಿಸಿಯಾರು ಎಂದು ನಾನು ಹೆದರಿದೆ. ಮೇಡಂ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು.

"ನಾನೂ ಇದ ತಪ್ಪು ಮಾಡೇನ್ರಿ. ಸಣ್ಣಾಕಿ ಇದ್ದಾಗ ಕಾಳು ಲಗೂನ ಒಣಗಲಿ ಅಂತ ಬಿಸಿ ಓವನ್‌ನ್ಯಾಗ ಇಟ್ಟೆ. ವರ್ಷಗಟ್ಟಲೆ ಇಲಿಗೆ ಅದನ್ನ ತಿನಿಸಿದೆ. ಏನೂ ಆಗಲಿಲ್ಲ. ಇದರಾಗ ಏನೂ ಇಲ್ಲ ಅಂತ ಎಲ್ಲಾರ ಮುಂದ ಸಾರಿಕೊಂಡು ಬಂದೆ. ಆಮ್ಯಾಲೆ ತಿಳೀತು, ಇದ್ದದ್ದನ್ನ ನಾನ ಹಾರಿಸಿಬಿಟ್ಟಿದ್ದೆ."

ಓದಿದವರೊಬ್ಬರು ತಮ್ಮ ತಪ್ಪನ್ನು ತಾವಾಗಿ ಹೇಳಿಕೊಂಡದ್ದನ್ನು ಅಪ್ಪಯ್ಯ ಅದೇ ಮೊದಲು ಕೇಳಿರಬೇಕು. ನಮ್ಮ ಮನೆಯಲ್ಲಿಯಂತೂ ಆ ಪದ್ಧತಿ ಇರಲಿಲ್ಲ. ಮುಂದಕ್ಕೆ ಬಾಗಿ ಕೇಳಿದರು: "ಹಂಗಾರೆ ಹಸಿ ಕಾಳ್ ತಿಂದ್ರೆ ಮಾತ್ರೆ ಬ್ಯಾಡ್ದಾ?"

"ಹಂಗ ಹೇಳಿಲ್ಲರಿ. ಹುರಿಯದ ಕಾಳು ತಗೊಂಡ ಕೆಲವು ಮಂದಿಗೆ ಸಕ್ಕರಿ ಸ್ವಲ್ಪ ಇಳದದ್ದು ಕಂಡಾರ. ಸ್ವಲ್ಪ. ಅವರೊಳಗ ಬಹಳ ಮಂದಿ ಮಾತ್ರಿನೂ ನುಂಗಿದವರ. ಮಾತ್ರಿ ಬಿಟ್ಟು ಇದನ್ನ ನಂಬ್ರಿ ಅನ್ನೂ ಪುರಾವೆ ನನ್ನ ಹತ್ರ ಇಲ್ಲ. ಇದ್ದಿದ್ರ ಡಂಗುರ ಹೊಡೀತಿದ್ದೆ, ಅರ್ಧ ಆಯುಷ್ಯ ಹಾಕೇನಿ ಇದಕ್ಕ."

ಬೊಗಳೆ ಎಂದು ಅವರು ಹೇಳಲೇ ಇಲ್ಲ. ನನಗೆ ಅಸಮಾಧಾನವೇ ಆಯಿತು. ಮೇಡಂ ಮಾತ್ರ ಮಾತು ನಿಲ್ಲಿಸಿ ಕೆಳಗೆ ನೋಡುತ್ತಿದ್ದರು.

"ಯಜಮಾನ್ರ, ಇಂಥಾ ಸೆಕಿಯೊಳಗ ಮನಿಯಾಗ ಸಾಕ್ಸ್ ಯಾಕ ಹಾಕೀರಿ?"

ಅಪ್ಪಯ್ಯ ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡರು. ತೆಗೆಯಲು ಎರಡು ಸಲ ಹೇಳಬೇಕಾಯಿತು. ಎಡಗಾಲಿನ ಕಿರುಬೆರಳು ಕಪ್ಪಾಗಿತ್ತು, ಸುತ್ತ ಕೀವು. ನೋವೇ ಇಲ್ಲ ಎಂದರು. ನೋವಿಲ್ಲದಿರುವುದೇ ಕೆಟ್ಟದ್ದು ಎಂದು ಮೇಡಂ ನನಗೆ ಆಟೋ ಕರೆಯಲು ಹೇಳಿದರು.

ಬೆರಳು ಉಳಿಯಲಿಲ್ಲ, ಪಾದ ಉಳಿಯಿತು. ಇನ್ನು ಮನೆಯೊಳಗೂ ಬರಿಗಾಲಲ್ಲಿ ಓಡಾಡಕೂಡದು ಎಂದು ಮೇಡಂ ಅಪ್ಪಯ್ಯನಿಗೆ ಕಟ್ಟಪ್ಪಣೆ ಮಾಡಿದರು. ಮೂರು ವಾರ ನಾನು ಅಪ್ಪಯ್ಯನನ್ನು ಸೋಲಿಸುತ್ತ ಕೂತಿದ್ದೆ. ಚೆನ್ನೈನ ಮೇ ತಿಂಗಳಲ್ಲಿ ಎದುರಿಗಿದ್ದ ಮನುಷ್ಯ ಸಾಕ್ಸ್ ಹಾಕಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇದಕ್ಕೆ ನನ್ನ ಬಳಿ ಸಮರ್ಥನೆಯಿಲ್ಲ, ಹುಡುಕಿಯಂತೂ ನೋಡಿದ್ದೇನೆ.

ನಿಮ್ಮಿಂದ ಕಾಲು ಉಳಿಯಿತು ಎಂದು ಒಮ್ಮೆ ಮೇಡಂಗೆ ಹೇಳಿದೆ. "ಒಂದು ಕಾಲು ತಗೊಂಡು ಏನು ಸಾಬೀತು ಮಾಡ್ತೀ? ಪುರಾವೆ ಅನ್ನಾಕ ಕನಿಷ್ಠ ಮೂವತ್ತು ಕಾಲರ ಬೇಕು," ಎಂದು ನಕ್ಕರು. ಆಮೇಲಿನ ವರ್ಷಗಳಲ್ಲಿ ಸಂಜೆ ಅವರಿಬ್ಬರೂ ಮೆಟ್ಟಿಲ ಮೇಲೆ ಕೂತು ಹರಟುತ್ತಿದ್ದರು: ಯಾವ ಸಾಂಬಾರ ಪದಾರ್ಥವನ್ನು ಎಷ್ಟು ಹುರಿಯಬೇಕು, ಯಾವುದನ್ನು ಒಲೆಯ ಹತ್ತಿರವೇ ತರಬಾರದು. ಇವರ ಕುಂದಾಪುರದ ಮಾತು ಅವರಿಗೆ ಅರ್ಧ ತಿಳಿಯದು, ಅವರ ಧಾರವಾಡದ್ದು ಇವರಿಗೆ. ಅಡ್ಡಿಯೇನೂ ಆಗಲಿಲ್ಲ. ಆ ಮೆಟ್ಟಿಲಲ್ಲಿ ಈಗ ಯಾರೂ ಕೂರುವುದಿಲ್ಲ.

ಕಳೆದ ವರ್ಷ ಮೇಡಂ ತೀರಿಕೊಂಡರು. ಅವರ ಪದ್ಧತಿಯಂತೆ ಮಣ್ಣು ಮಾಡುವಾಗ ಎಲ್ಲರೂ ಚಪ್ಪಲಿ ಬಿಟ್ಟು ಕುಣಿಯ ಹತ್ತಿರ ಸಾಲಾಗಿ ನಿಂತರು. ಅಪ್ಪಯ್ಯ ಕ್ಯಾನ್‌ವಾಸ್ ಬೂಟಿನಲ್ಲೇ ನಿಂತಿದ್ದರು. ಧಾರವಾಡದಿಂದ ಬಂದಿದ್ದ ಮೇಡಂ ಅವರ ಅಣ್ಣನ ಮಗ ಮೆಲ್ಲಗೆ, "ಬೂಟು ಬಿಚ್ಚರಿ ಯಜಮಾನ್ರ, ಹಿರೇರಿಗೆ ಮರ್ಯಾದಿ" ಎಂದರು.

ನನ್ನ ನಾಲಿಗೆಯ ತುದಿಯಲ್ಲಿ ನಾಲ್ಕು ವಾದಗಳಿದ್ದವು. ಅಷ್ಟರಲ್ಲಿ ಅಪ್ಪಯ್ಯ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡು, "ಬರಿಗಾಲಲ್ಲಿ ನಿಂತ್ರೆ ಮೇಡಂ ಬೈತ್ರ್" ಎಂದರು.

ಅವರು ಬೂಟುಗಾಲಲ್ಲೇ ಮುಂದೆ ಹೋಗಿ ಮಣ್ಣು ಹಾಕಿ ಬಂದರು.