ಬಣ್ಣದ ಒಂದು ಹನಿ

ಖಾನಾಪುರದ ಕಾಲೇಜಿನಲ್ಲಿ ಅಂಗಾಂಶದ ಮೊದಲ ಪ್ರಾಯೋಗಿಕ ತರಗತಿ. ಈರುಳ್ಳಿ ಸಿಪ್ಪೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದರೆ ಮಾತ್ರ ಅಂಕ.

"ನಾವು ಜೈನರ್ರೀ ಸರ್, ಉಳ್ಳಾಗಡ್ಡಿ ಮುಟ್ಟೂದಿಲ್ಲ," ಎಂದಳು ಒಬ್ಬ ಹುಡುಗಿ.

ತನ್ನ ಕೆನ್ನೆಯ ಒಳಗಿನ ಜೀವಕೋಶಗಳನ್ನೇ ಕಡ್ಡಿಯಿಂದ ಕೆರೆದುಕೊಳ್ಳಲು ಹೇಳಿದೆ. ಕೆರೆದು ಗಾಜಿನ ಪಟ್ಟಿಯ ಮೇಲೆ ಸವರಿದಳು. ಬಣ್ಣದ ಬಾಟಲಿ ಹಿಡಿದು ನಿಂತಳು.

"ಇವು ಜೀವಂತ ಅದಾವೇನ್ರಿ?"

"ಕೆಲವು ಅದಾವ."

"ಬಣ್ಣ ಹಾಕಿದ್ರ?"

"ಸಾಯ್ತಾವ."

"ಹಂಗಾರ ಬ್ಯಾಡ್ರಿ ಸರ್."

"ಹಾಕದಿದ್ರ ಸರಿಯಾಗಿ ಕಾಣಂಗಿಲ್ಲ."

ಪಕ್ಕದವಳು ನಕ್ಕಳು: "ಹಲ್ಲು ತಿಕ್ಕೂವಾಗ ಎಷ್ಟು ಕೊಲ್ತೀ ಹಂಗಾರ?"

ಇವಳು ನಗಲಿಲ್ಲ. ಬಾಟಲಿ ತೆಗೆದುಕೊಂಡು ಹನಿಯನ್ನು ನಾನೇ ಹಾಕಿದೆ. ಅವಳು ನೋಡಿದಳು, ಅಚ್ಚುಕಟ್ಟಾಗಿ ಚಿತ್ರ ಬರೆದಳು, ಪೂರ್ತಿ ಅಂಕ ಪಡೆದಳು.

ಹೊರಡುವಾಗ ಮೆಲ್ಲಗೆ ಹೇಳಿದಳು: "ಪಾಪ ನಿಮಗ ಹತ್ತಿತಲ್ರೀ ಸರ್."

ಸಂಜೆ ಬೆಳಗಾವಿಯ ಬಸ್ಸಿನಲ್ಲಿ ಶೇಂಗಾ ಜಗಿಯುತ್ತಿದ್ದವನು, ಕೆನ್ನೆಯೊಳಗೆ ಎಷ್ಟು ಜೀವಕೋಶಗಳು ಉದುರುತ್ತಿವೆಯೋ ಎಂದು ನಡುವೆಯೇ ಜಗಿಯುವುದನ್ನು ನಿಲ್ಲಿಸಿದೆ.