ಕಡಲೆ ಹುಳಿಗೆ ಬರೆದ ಮುಲಾಮು

ಮೂರು ವರ್ಷದ ಹಿಂದಿನ ಮಾತು. ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ರೋಣದ ಪೇಟೆಯಲ್ಲಿ ಸ್ವಂತ ದವಾಖಾನೆ ನಡೆಸುತ್ತಿದ್ದೆ. ಒಂದು ಮಧ್ಯಾಹ್ನ ಅಸೂಟಿಯಿಂದ ಶಿವಲೀಲಾ ಎಂಬ ಬಿ.ಎಡ್. ವಿದ್ಯಾರ್ಥಿನಿ ತಾಯಿ ಗಂಗವ್ವನ ಜೊತೆ ಬಂದಳು. ಕಣ್ಣೆರಡು ಬಿಟ್ಟು ಮುಖವೆಲ್ಲ ದುಪಟ್ಟಾದೊಳಗಿತ್ತು. ತೆಗೆದಾಗ ಕೆನ್ನೆ, ಗಲ್ಲದ ತುಂಬ ಕೆಂಪು ಮೊಡವೆ.

“ಸೋಮವಾರದಿಂದ ಹೈಸ್ಕೂಲಿನ್ಯಾಗ ಪಾಠ ಮಾಡಬೇಕ್ರಿ. ಈ ಮಾರಿ ಹೊತ್ತು ಹುಡುಗರ ಮುಂದ ನಿಲ್ಲಾಕ ಆಗಂಗಿಲ್ಲ. ಕೋರ್ಸ್ ಬಿಟ್ಟಬಿಡ್ತೀನಿ,” ಎಂದಳು.

ಗಂಗವ್ವ ತನ್ನ ಪಾಲಿನ ವೈದ್ಯಕೀಯ ಆಗಲೇ ಮುಗಿಸಿದ್ದಳು. ಶೇಂಗಾ ಚಟ್ನಿ ಬಂದ್, ಬದನೆಕಾಯಿ ಬಂದ್, ದಿನಕ್ಕೆ ಆರು ಸಲ ಸೋಪು. ಸೊರಗಿದ್ದು ಹುಡುಗಿಯೇ ಹೊರತು ಮೊಡವೆಯಲ್ಲ.

ಮೊಡವೆ ಮುಖದ ಕೊಳೆಯಿಂದ ಹುಟ್ಟುವುದಿಲ್ಲ. ಹರೆಯದಲ್ಲಿ ಹಾರ್ಮೋನುಗಳು ಚರ್ಮದ ಎಣ್ಣೆಗ್ರಂಥಿಗಳನ್ನು ಚುರುಕುಗೊಳಿಸುತ್ತವೆ. ಎಣ್ಣೆ, ಸತ್ತ ಜೀವಕೋಶ ಸೇರಿ ರಂಧ್ರ ಕಟ್ಟಿಕೊಂಡು, ಒಳಗೆ ಬ್ಯಾಕ್ಟೀರಿಯಾ ಬೆಳೆದು ಊದಿಕೊಳ್ಳುತ್ತದೆ. ಅಂಥ ಮೊಡವೆಗಳಲ್ಲಿ ಒಂದು ಒಣಗುವಾಗ ಇನ್ನೊಂದು ಏಳುತ್ತಿರುತ್ತದೆ. ಇವಳವು ಎಲ್ಲವೂ ಒಂದೇ ಅಳತೆ. ಚರ್ಮ ತೆಳುವಾಗಿ ರಕ್ತನಾಳಗಳು ಕಾಣುತ್ತಿದ್ದವು. ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದಾಗ ಹೀಗಾಗುತ್ತದೆ. ನನಗೆ ಪಿತ್ತ ನೆತ್ತಿಗೇರಿತು.

“ಯಾವ ಶಾಣ್ಯಾ ಡಾಕ್ಟರ್ ಬರದು ಕೊಟ್ಟಾನ ಆ ಮುಲಾಮು?” ಎಂದು ಗುಡುಗಿದೆ.

ಗಂಗವ್ವ ಚೀಲದಿಂದ ಮಡಿಚಿದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. “ನೀವರಿ, ಸಾಹೇಬ್ರ.”

ಸಹಿ ನನ್ನದೇ. ಹಿಂದಿನ ವರ್ಷ ಕಡಲೆ ಕೀಳುವಾಗ ಗಿಡದ ಎಲೆ ಮೇಲಿನ ಹುಳಿ ನೀರು ತಾಗಿ ಗಂಗವ್ವನ ಕೈಯೆಲ್ಲ ಉರಿದು ಗುಳ್ಳೆ ಎದ್ದಿತ್ತು. ನಾನು ಮುಲಾಮಿನ ಹೆಸರಷ್ಟೇ ಬರೆದಿದ್ದೆ. ಎಲ್ಲಿಗೆ, ಎಷ್ಟು ದಿನ ಎಂದು ಬರೆದಿರಲಿಲ್ಲ. ಐದು ದಿನ ಎಂದು ಬಾಯಲ್ಲಿ ಹೇಳಿದ್ದೆನೋ ಇಲ್ಲವೋ, ನೆನಪಿಲ್ಲ. ತಾಯಿಯ ಕೈ ಬಣ್ಣ ತಿಳಿಯಾದದ್ದನ್ನು ಕಂಡ ಮಗಳು ಉಳಿದ ಮುಲಾಮನ್ನು ಮುಖಕ್ಕೆ ಹಚ್ಚಿದಳು. ಆಮೇಲೆ ಅದೇ ಚೀಟಿ ತೋರಿಸಿ ವರ್ಷವಿಡೀ ಅಂಗಡಿಯಿಂದ ಟ್ಯೂಬು ತಂದಳು.

“ತಪ್ಪು ನಂದವ್ವ,” ಎಂದೆ. ಈ ಮಾತನ್ನು ವೃತ್ತಿಯಲ್ಲಿ ನಾನು ಹೆಚ್ಚು ಸಲ ಆಡಿದವನಲ್ಲ.

ಮುಲಾಮು ನಿಲ್ಲಿಸಿದರೆ ಎರಡು ಮೂರು ವಾರ ಮುಖ ಇನ್ನೂ ಕೆಡುತ್ತದೆ, ಹೆದರಿ ಮತ್ತೆ ಹಚ್ಚಬಾರದು ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಆರು ವಾರ ಮಾತ್ರೆ, ದಿನಕ್ಕೆ ಎರಡೇ ಸಲ ಮೆದುವಾದ ಫೇಸ್‌ವಾಶ್, ಹಿಸುಕುವುದು ಬೇಡ. ಉರಿ ಇಳಿದ ಮೇಲೆ ಮಲಗುವ ಮುಂಚೆ ಕಡಲೆಕಾಳಿನಷ್ಟು ಅಡಾಪಲೀನ್ ಎಂಬ ಮೊಡವೆಯ ಜೆಲ್. ಮೂರು ತಿಂಗಳ ತಾಳ್ಮೆ ಬೇಕು. ಶೇಂಗಾ ಚಟ್ನಿಗೆ ಬಿಡುಗಡೆ ಕೊಟ್ಟೆ.

“ಸೋಮವಾರ ಏನ್ ಮಾಡ್ಲಿರಿ?”

“ಪಾಠ ಮಾಡು. ಮಾರಿ ತನ್ನ ಕೆಲಸ ಮಾಡ್ಲಿ, ನೀ ನಿನ್ನ ಕೆಲಸ ಮಾಡು.”

ಹೇಳುವುದು ಸುಲಭ. ಆ ಸೋಮವಾರವಿಡೀ ನನಗೆ ಸಮಾಧಾನವಿರಲಿಲ್ಲ.

ಎರಡು ವಾರಕ್ಕೆ ಬಂದಳು. ಹೇಳಿದಂತೆಯೇ ಮುಖ ಇನ್ನಷ್ಟು ಕೆಂಪಾಗಿತ್ತು, ಆದರೆ ದುಪಟ್ಟಾ ಹೆಗಲ ಮೇಲಿತ್ತು. ಮೊದಲ ದಿನವೇ ಒಬ್ಬಳು ಹುಡುಗಿ ಎದ್ದು ನಿಂತು, “ಟೀಚರ್, ನಿಮ್ಮ ಮಾರಿಗೆ ಏನಾಗೇತ್ರಿ?” ಎಂದು ಕೇಳಿದಳಂತೆ. ಶಿವಲೀಲಾ ಹಲಗೆಯ ಕಡೆ ತಿರುಗಿ ಚರ್ಮದ ರಂಧ್ರ, ಎಣ್ಣೆಗ್ರಂಥಿಯ ಚಿತ್ರ ಬಿಡಿಸಿ, ಟ್ಯೂಬಿನ ಕಥೆಯನ್ನೂ ಬಿಡದೆ ಹೇಳಿದ್ದಳು.

“ಹುಡುಗರು ನಗಲಿಲ್ಲೇನು?”

“ನಕ್ಕರ್ರಿ. ಆಮ್ಯಾಲೆ ಬರಕೊಂಡ್ರು.”

ಔಷಧ ಶುರು ಮಾಡುವುದನ್ನಷ್ಟೇ ಅಲ್ಲ, ನಿಲ್ಲಿಸುವುದನ್ನೂ ಬರೆದು ಕೊಡುವುದು ವೈದ್ಯನ ಕೆಲಸ. ಮೂವತ್ತು ವರ್ಷ ಚೀಟಿ ಬರೆದ ನಾನು ಅದನ್ನು ಆ ಟೀಚರ್ ಎದುರು ಕೂತು ಕಲಿತೆ.